ನನ್ನ ಪಟ್ಟಿಯಲ್ಲಿಲ್ಲದ ಮೂವತ್ತೆರಡನೇ ಕತೆ

ಜನವರಿ 18, ಭಾನುವಾರ. ಬೆಳಗ್ಗೆ 6.40ಕ್ಕೆ ಶುರು ಮಾಡಿದೆ. ಅತ್ತಿಗೆ ಏಳುವುದರೊಳಗೆ ಅರ್ಧವಾದರೂ ಮುಗಿಸಬೇಕು. ಅವರು ಎದ್ದು ಬಂದು ಎದುರಿಗೆ ಕೂತರೆ ಅವರ ಮೇಲಿನ ಹೊಟ್ಟೆಕಿಚ್ಚಿನ ಬಗ್ಗೆ ಬರೆಯುವುದು ಕಷ್ಟ.

ನಾನು ಸಕಲೇಶಪುರದಿಂದ ಮೇಲಕ್ಕಿರುವ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಅಂದರೆ ಬೆಳಗ್ಗೆ ಸ್ಟೋರಿನ ಮುಂದೆ ನಿಂತು ಹೆಸರು ಕರೆದು ಚೆಕ್‌ರೋಲಿನಲ್ಲಿ ಹಾಜರಿ ಹಾಕುತ್ತೇನೆ, ಸಂಜೆ ಕುಯ್ದ ಹಣ್ಣು ತೂಕ ಹಾಕಿಸುತ್ತೇನೆ, ಮಳೆ ಬಂದರೆ ಎಷ್ಟು ಸೆಂಟು ಅಂತ ಅಳೆದು ಬರೆಯುತ್ತೇನೆ. ಆರು ವರ್ಷದಿಂದ ಇದೇ ಕೆಲಸ. ಮನೆ ಬಾಳ್ಳುಪೇಟೆಯಲ್ಲಿ. ಅಣ್ಣ, ಅತ್ತಿಗೆ, ನಾನು. ಅತ್ತಿಗೆಗೆ ಹೈವೇ ಪಕ್ಕದಲ್ಲೇ ಬ್ಲೌಸ್ ಹೊಲಿಯುವ ಅಂಗಡಿ ಇದೆ.

ಹೈಸ್ಕೂಲಿನಲ್ಲಿದ್ದಾಗ ಆಲೂರಿನ ಲೈಬ್ರರಿಯಲ್ಲಿ ನನಗೆ ಒಬ್ಬ ಲೇಖಕರ ವಿಜ್ಞಾನ ಕತೆಗಳ ಪುಸ್ತಕ ಸಿಕ್ಕಿತು. ಅವರ ಕತೆಗಳೆಲ್ಲ ಎರಡು ಸೂರ್ಯರಿರುವ ಒಂದೇ ಗ್ರಹದಲ್ಲಿ ನಡೆಯುತ್ತವೆ. ಅಲ್ಲಿ ಪ್ರತಿಯೊಬ್ಬರಿಗೂ ಎರಡು ನೆರಳು, ಒಂದು ಕಪ್ಪು, ಒಂದು ಕಂದು. ನಮ್ಮಲ್ಲಿಂದ ಹೋದ ಜನ ಅಲ್ಲಿ ಉತ್ತು ಬಿತ್ತಿ, ಜಗಳವಾಡಿ, ಮದುವೆ ಮಾಡಿ ಬದುಕುತ್ತಾರೆ. ಆಚೆ ದಡ ಕಾಣದಂಥ ಒಂದು ಹೊಳೆ ಇದೆ. ಆ ಹೊಳೆಯಲ್ಲಿ ದೋಣಿ ನಡೆಸುವ ಒಬ್ಬ ಅಜ್ಜಿ ಇದ್ದಾಳೆ. ನಾಲ್ಕು ಪುಸ್ತಕ, ಮೂವತ್ತೊಂದು ಕತೆ. ಲೇಖಕರು ತೀರಿಕೊಂಡು ಎರಡು ವರ್ಷವಾಯಿತು. ನಾನು ಅವರನ್ನು ನೋಡಿದ್ದೇ ಇಲ್ಲ. ಆ ಸುದ್ದಿ ಬಂದ ದಿನ ಇಬ್ಬರು ಆಳುಗಳಿಗೆ ತಪ್ಪು ಹಾಜರಿ ಹಾಕಿದ್ದೆ. ಆರು ವರ್ಷದಲ್ಲಿ ಹಾಗಾದದ್ದು ಅದೊಂದೇ ಸಲ.

ಎಸ್ಟೇಟಿನಲ್ಲಿ ಉಳಿದಿದ್ದ ಒಂದು ಖಾಲಿ ಚೆಕ್‌ರೋಲ್ ಪುಸ್ತಕವನ್ನು ಕೇಳಿ ಮನೆಗೆ ತಂದು, ಅದರಲ್ಲಿ ಆ ಕತೆಗಳ ಹಾಜರಿ ಬರೆದಿಟ್ಟಿದ್ದೇನೆ. ಎಡಗಡೆ ಪಾತ್ರಗಳ ಹೆಸರು, ಒಟ್ಟು 118. ಮೇಲುಗಡೆ ಕತೆಗಳ ನಂಬರು, ಒಂದರಿಂದ ಮೂವತ್ತೊಂದು. ಯಾವ ಕತೆಯಲ್ಲಿ ಯಾರು ಬಂದಿದ್ದಾರೋ ಅಲ್ಲಿ ಒಂದು ಗೆರೆ. ಸತ್ತವರ ಹೆಸರಿನ ಮೇಲೆ, ಕೆಲಸ ಬಿಟ್ಟುಹೋದ ಆಳುಗಳಿಗೆ ಎಳೆಯುವ ಹಾಗೆ, ಕೆಂಪು ಗೆರೆ. ದೋಣಿ ಅಜ್ಜಿಗೆ ಹದಿನಾಲ್ಕನೇ ಕತೆಯಲ್ಲಿ ಕೆಂಪು ಗೆರೆ ಬಿದ್ದಿದೆ. ಅವಳು ಹೊಳೆಯಲ್ಲಿ ಹೋದಳು, ದೇಹ ಸಿಗಲಿಲ್ಲ.

ಹೋದ ಜೂನಿನಲ್ಲಿ ಹಾಸನದ ಕೆಲವು ಓದುಗರು ಸೇರಿ ಒಂದು ಪ್ರಕಟಣೆ ಕಳಿಸಿದರು. ಆ ಲೇಖಕರ ಲೋಕದಲ್ಲೇ ನಡೆಯುವ ಹೊಸ ಕತೆಗಳನ್ನು ಓದುಗರೇ ಬರೆಯಬೇಕು, ಅವರ ನೆನಪಿಗೆ ಒಂದು ಸಂಪುಟ ತರಬೇಕು ಅಂತ. ಹನ್ನೆರಡು ಕತೆಗೆ ಜಾಗ. ಷರತ್ತು ಒಂದೇ: ಅವರು ಬರೆದಿಟ್ಟದ್ದನ್ನು ಮುರಿಯಬಾರದು. ಎರಡು ಸೂರ್ಯ ಇದ್ದಲ್ಲಿ ಮೂರಾಗಬಾರದು, ಸತ್ತವರು ಎದ್ದು ಬರಬಾರದು. ನಿವೃತ್ತ ವಿಜ್ಞಾನ ಮೇಷ್ಟ್ರು ಒಬ್ಬರು ಸಂಪಾದಕರು.

ನಾನು ಒಂದು ಕತೆಗೆ 47 ದಿನ ತೆಗೆದುಕೊಂಡೆ. ಹಳೆಯ ಪಾತ್ರಗಳು 23 ಜನ ಬಂದರು. ಒಂದೊಂದು ವಾಕ್ಯವನ್ನೂ ಚೆಕ್‌ರೋಲ್ ನೋಡಿ ಬರೆದೆ, ಕತೆ ಕಳಿಸುವಾಗ ಸಂಪಾದಕರಿಗೆ ಅದನ್ನೂ ತಿಳಿಸಿದೆ.

ಅತ್ತಿಗೆ ನನ್ನಿಂದ ಪುಸ್ತಕ ತಗೊಂಡು ಓದಿದ್ದು ಎಂಟು ಕತೆ. ಕೊಟ್ಟವಳು ನಾನೇ, ತಾರೀಖು ಬರೆದಿಟ್ಟಿದ್ದೇನೆ. ಆಗಸ್ಟಿನಲ್ಲಿ ಎರಡು ಮಧ್ಯಾಹ್ನ ಕರೆಂಟ್ ಹೋಗಿ ಹೊಲಿಗೆ ಮೆಷಿನ್ ನಿಂತಾಗ, ಅಂಗಡಿಯ ಅಳತೆ ಪುಸ್ತಕದ ಹಿಂಬದಿಯಲ್ಲಿ ಅವರು ಒಂದು ಕತೆ ಬರೆದರು. "ಇದನ್ನೂ ನಿಂದರ ಜೊತೆ ಹಾಕ್ಬುಡೇ, ಹೋದ್ರೆ ಹೋಯ್ತದೆ" ಅಂದರು. ನಾನು ಓದದೆಯೇ ಫೋಟೋ ತೆಗೆದು ಕಳಿಸಿದೆ. ಕಳಿಸುವಾಗ ನಗು ಬಂದಿತ್ತು.

ಅಕ್ಟೋಬರ್ 9ಕ್ಕೆ ಸಂಪಾದಕರ ಫೋನ್ ಬಂತು. ಅತ್ತಿಗೆಯ ಕತೆ ಹನ್ನೆರಡರಲ್ಲಿ ಸೇರಿತ್ತು.

"ನಿಮ್ಮದರಲ್ಲಿ ಒಂದೇ ಒಂದು ತಪ್ಪಿಲ್ಲ ಕಣಮ್ಮ" ಅಂದರು ನನಗೆ.

ಮುಂದಿನ ಮಾತಿಗೆ ಕಾದೆ. ಮುಂದಿನ ಮಾತು ಚೆಕ್‌ರೋಲಿನದು. "ಅಷ್ಟು ಚೆನ್ನಾಗಿ ಲೆಕ್ಕ ಇಟ್ಟಿದ್ದೀರಲ್ಲ, ಹನ್ನೆರಡು ಕತೆಗಳನ್ನೂ ನೀವೇ ತಾಳೆ ನೋಡಿಕೊಡಿ. ಯಾವುದಾದರೂ ನಿಲ್ಲದೆ ಹೋದರೆ ಹದಿಮೂರನೆಯದು ನಿಮ್ಮದೇ, ಅದು ಒಳಗೆ ಬರುತ್ತೆ."

ಆ ಸಂಜೆ ಅತ್ತಿಗೆ ಶಾವಿಗೆ ಪಾಯಸ ಮಾಡಿದರು. ಎರಡು ಬಟ್ಟಲು ತಿಂದೆ. ದ್ರಾಕ್ಷಿ ಜಾಸ್ತಿಯಾಗಿತ್ತು ಅಂತ ಡೈರಿಯಲ್ಲಿದೆ. ಮರುದಿನದಿಂದ ಅಳತೆ ಕೊಡಲು ಬಂದ ಹೆಂಗಸರೆಲ್ಲ "ನಿಮ್ಮ ಪುಸ್ತಕ ಬರ್ತದಂತಲ್ಲ" ಅಂತ ಅವರನ್ನು ಮಾತಾಡಿಸತೊಡಗಿದರು. ಒಬ್ಬರು ನನ್ನ ಕಡೆ ತಿರುಗಿ, "ನಿನಗೂ ಓದೋದು ಅಂದ್ರೆ ಇಷ್ಟ ಅಲ್ವೇನವ್ವ?" ಅಂತ ಕೇಳಿದರು. ಹೌದು ಅಂದೆ.

ನವೆಂಬರ್ ಪೂರ್ತಿ ತಾಳೆ ನೋಡಿದೆ. ಹನ್ನೊಂದು ಕತೆಗಳಲ್ಲಿ 26 ತಪ್ಪುಗಳಿದ್ದವು. ಬರೆದವರಿಗೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ, ನಯವಾಗಿ ಹೇಳಿ, ತಿದ್ದಿಸಿದೆ. ಹನ್ನೆರಡನೆಯದು ಅತ್ತಿಗೆಯದು. ಅದರಲ್ಲಿ ಒಂದೇ ತಪ್ಪು. ದೋಣಿ ಅಜ್ಜಿ ಬದುಕಿದ್ದಾಳೆ. ಹೊಳೆಯಾಚೆಯಿಂದ ಒಂದೇ ನೆರಳಿನೊಂದಿಗೆ ವಾಪಸ್ ಬಂದ ಮೇಲೆ ಅವಳು ಏನು ಮಾಡಿದಳು ಅನ್ನುವುದೇ ಕತೆ. ಅಜ್ಜಿಯನ್ನು ತೆಗೆದರೆ ಕತೆಯಲ್ಲಿ ಏನೂ ಉಳಿಯುವುದಿಲ್ಲ.

ಸಿಕ್ಕಿತು ಅಂದುಕೊಂಡೆ. ಆಗ ಆದ ಖುಷಿಗೆ ಬೇರೆ ಹೆಸರು ಕೊಡಲಾರೆ. ಅತ್ತಿಗೆ ಪಕ್ಕದ ಕೋಣೆಯಲ್ಲಿ ಹುಕ್ಸ್ ಹಾಕುತ್ತ ಕೂತಿದ್ದರು, ನನ್ನಿಂದ ಹತ್ತು ಹೆಜ್ಜೆ. ಹನ್ನೊಂದು ಜನಕ್ಕೆ ಫೋನ್ ಮಾಡಿದವಳು ಅವರಿಗೆ ಮಾತ್ರ ಏನೂ ಹೇಳದೆ ನೇರ ಸಂಪಾದಕರಿಗೆ ಬರೆದೆ: "ಸತ್ತ ಪಾತ್ರ. ತಿದ್ದಲು ಸಾಧ್ಯವಿಲ್ಲ."

ಡಿಸೆಂಬರ್ 4ಕ್ಕೆ ಸಂಪಾದಕರು ಅತ್ತಿಗೆಗೆ ಫೋನ್ ಮಾಡಿ ವಿಷಯ ಹೇಳಿದರು, ಕಂಡುಹಿಡಿದವರು ಯಾರು ಅಂತಲೂ ಹೇಳಿದರು. ನಾನು ಎಸ್ಟೇಟಿನಿಂದ ಬರುವಷ್ಟರಲ್ಲಿ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು.

"ಅಲ್ಲ ಕಣೇ, ಈ ಕೋಣೆಯಿಂದ ಆ ಕೋಣೆಗೆ ಒಂದು ಮಾತು ಬರೋಕೆ ಹಾಸನ ಸುತ್ತಾಕೊಂಡು ಬರ್ಬೇಕಾ?"

"ರೂಲ್ಸ್ ಪ್ರಕಾರ ಹೇಳಿದೆ ಅತ್ತಿಗೆ. ಅಜ್ಜಿ ಸತ್ತಿದ್ದಾಳೆ."

"ಯಾರು ಹೇಳಿದ್ದು?"

"ಹದಿನಾಲ್ಕನೇ ಕತೆ."

"ಸತ್ತೋದ್ಲು ಅಂದ್ಕೊಂಡ್ರು, ಆಮೇಲೆ ಬತ್ತಾಳೆ ಮಾರಾಯ್ತಿ! ನಾನೇ ಓದಿದ್ದೀನಿ. ಎಂಟನೇ ಕ್ಲಾಸಲ್ಲಿ."

ಅತ್ತಿಗೆಯ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಸೀಟಿನ ಮೇಲೆ ಜನ ಬಿಟ್ಟುಹೋದ ಪತ್ರಿಕೆಗಳನ್ನು ಮಗಳಿಗೆ ತಂದು ಕೊಡುತ್ತಿದ್ದರಂತೆ. ಹಾಗೆ ಬಂದ ಒಂದು ವಿಶೇಷಾಂಕದಲ್ಲಿ ಈ ಕತೆ ಇತ್ತಂತೆ. ರಟ್ಟು ಹೋಗಿತ್ತು, ಪತ್ರಿಕೆಯ ಹೆಸರು ಗೊತ್ತಿಲ್ಲ. ಲೇಖಕರ ಹೆಸರು ಮಾತ್ರ ಕತೆಯ ಮೊದಲ ಪುಟದಲ್ಲೇ ಇತ್ತಂತೆ, ಕೆಳಗೆ ದೋಣಿಯ ಚಿತ್ರ. ಕೊನೆಯ ಹಾಳೆಗಳು ಕಿತ್ತುಹೋಗಿದ್ದವು.

"ಅವಳು ಬಂದ್ಮೇಲೆ ಏನಾಯ್ತು ಅಂತ ಗೊತ್ತಾಗ್ಲೇ ಇಲ್ಲ ಕಣೇ. ಎಷ್ಟು ವರ್ಷ ತಲೇಲಿ ಕೊರೀತಿತ್ತು. ಅದಕ್ಕೇ ನಾನೇ ಬರ್ಕೊಂಡೆ."

ಆ ಕ್ಷಣದವರೆಗೆ ನನ್ನ ಹೊಟ್ಟೆಕಿಚ್ಚು ಒಂದು ಪುಸ್ತಕದ ಹನ್ನೆರಡನೇ ಜಾಗದ ಮೇಲಿತ್ತು. ಈಗ ಅದು ಚಿಕ್ಕದಾಗಿಬಿಟ್ಟಿತು. ಮೂವತ್ತೊಂದನ್ನೂ ಒಟ್ಟು 167 ಸಲ ಓದಿದವಳು ನಾನು. ನಾನು ಓದದ ಒಂದು ಕತೆಯನ್ನು, ನಾನು ಇದೆ ಅಂತಲೇ ತಿಳಿಯದ ಒಂದು ಕತೆಯನ್ನು, ಬಸ್ಸಿನ ಸೀಟಿನ ಮೇಲೆ ಸಿಕ್ಕಿದ ಹರುಕು ಪತ್ರಿಕೆಯಲ್ಲಿ ಓದಿ ಇವರು ಇಷ್ಟು ವರ್ಷ ಸುಮ್ಮನೆ ಇಟ್ಟುಕೊಂಡಿದ್ದರು. ಸುಳ್ಳು ಹೇಳುತ್ತಿದ್ದಾರೆ ಅಂತ ಅಂದುಕೊಳ್ಳುವುದೇ ಸುಲಭ. ಹತ್ತು ದಿನ ಹಾಗೇ ಅಂದುಕೊಂಡೆ. ಅತ್ತಿಗೆಯಿಂದ ಇದನ್ನು ಕೇಳಿದ ಸಂಪಾದಕರು ಮಾತ್ರ ನನಗೆ, "ನೀವೇ ತೀರ್ಮಾನ ಮಾಡಿ ತಿಳಿಸಿ, ನೀವು ಹೇಳಿದ ಹಾಗೆ" ಅಂದುಬಿಟ್ಟಿದ್ದರು.

ಡಿಸೆಂಬರ್ 14, ಭಾನುವಾರ, ನಾವಿಬ್ಬರೂ ಕೆ. ಹೊಸಕೋಟೆಗೆ, ಅತ್ತಿಗೆಯ ತವರಿಗೆ ಹೋದೆವು. ಅತ್ತಿಗೆಯ ಅಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದರು.

"ಅವ್ವ, ಅಟ್ಟದ ಮೇಲೆ ನನ್ನ ಪುಸ್ತಕ ಇದ್ವಲ್ಲ, ಎಲ್ಲಿ?"

"ಯಾವ ಪುಸ್ತಕ?"

"ಅಪ್ಪ ಬಸ್ಸಿಂದ ತತ್ತಿದ್ದವು."

"ಅವಾ? ಹೆಂಚು ತೆಗೆದು ಶೀಟ್ ಹಾಕ್ಸಿದಾಗ ಅಟ್ಟ ಖಾಲಿ ಮಾಡ್ಸಿದ್ವಲ್ಲ. ಹಂಡೆ ಒಲೆಗೆ ಹಾಕ್ಬುಟ್ಟೆ."

"ಎಲ್ಲಾನೂವಾ?"

"ಒಂದು ತಿಂಗಳು ಬಿಸಿನೀರು ಕಾಯ್ತು ಕಣೇ! ನೀನೇ ತಲೆಗೆ ಹುಯ್ಕೊಂಡಿದ್ದೀಯ." ಆಮೇಲೆ ನನ್ನ ಮುಖ ನೋಡಿ, "ಇದ್ಯಾಕವ್ವ ನೀನು ಹಿಂಗೆ ಸಪ್ಪಗಾದೆ? ನಿಂದೇನಾದ್ರೂ ಇತ್ತಾ ಅದ್ರಲ್ಲಿ?" ಅಂತ ಕೇಳಿದರು.

ಅತ್ತಿಗೆ ನಕ್ಕರು. ನನಗೆ ನಗು ಬರಲಿಲ್ಲ. ಮೂಲೆಯ ಟ್ರಂಕಿನಲ್ಲಿ ಮೂರು ಹಳೆ ಪತ್ರಿಕೆ ಸಿಕ್ಕವು. ಅದು ಇರಲಿಲ್ಲ.

ವಾಪಸ್ ಬಸ್ಸಿನಲ್ಲಿ, ನೆನಪಿದ್ದಷ್ಟು ಹೇಳಿ ಅಂದೆ. ನಾನಾಗಿ ಏನೂ ಕೇಳಿ ಸುಳಿವು ಕೊಡಬಾರದು ಅಂತ ಬಾಯಿ ಮುಚ್ಚಿಕೊಂಡು ಬರೆದುಕೊಂಡೆ. ಅಜ್ಜಿ ಒಂದೇ ನೆರಳಿನಲ್ಲಿ ಬಂದದ್ದು, ಜನ ಹೆದರಿ ದೂರ ನಿಂತದ್ದು, ಅವಳು ಎರಡು ದಿನ ಯಾರ ಹತ್ತಿರವೂ ಮಾತಾಡದೆ ದೋಣಿ ತೊಳೆದದ್ದು.

"ಆಮೇಲೆ ಎಲೆ ಅಡಿಕೆ ಚೀಲ ಬಿಚ್ಚಿ ದೋಣಿ ಮೊಳೆಗೆ ನೇತಾಕ್ತಾಳೆ. ನಾನು ಬರೋಗಂಟ ಯಾರೂ ಮುಟ್ಟಬೇಡಿ ಅಂತಾಳೆ. ಅಲ್ಲಿಗೆ ಹಾಳೆ ಹೋಗ್ಬುಟ್ಟಿತ್ತು."

ನನ್ನ ಪೆನ್ನು ನಿಂತಿತು. ಇಪ್ಪತ್ತೆರಡನೇ ಕತೆಯಲ್ಲಿ ಅದೇ ದೋಣಿಯನ್ನು ಬೇರೆ ಯಾರೋ ನಡೆಸುತ್ತಾರೆ. ದೋಣಿಯ ಮೊಳೆಗೆ ಒಂದು ಬಟ್ಟೆಯ ಚೀಲ ನೇತಾಡುತ್ತಿರುತ್ತದೆ. ಯಾರೂ ಅದನ್ನು ಮುಟ್ಟುವುದಿಲ್ಲ, ಯಾಕೆ ಅಂತ ಕತೆ ಹೇಳುವುದಿಲ್ಲ. ನನ್ನ ಚೆಕ್‌ರೋಲಿನಲ್ಲಿ ಆ ಕತೆಯ ಚೌಕದಲ್ಲಿ "ಚೀಲ ಯಾರದು?" ಅಂತ ಬರೆದು ಪ್ರಶ್ನೆ ಗುರುತು ಹಾಕಿದ್ದೇನೆ. ಅತ್ತಿಗೆ ಇಪ್ಪತ್ತೆರಡನೆಯದನ್ನು ಓದಿಲ್ಲ. ಆ ಪುಸ್ತಕ ನಾನು ಅವರಿಗೆ ಕೊಟ್ಟೇ ಇಲ್ಲ.

ಅಂದರೆ ಕತೆ ಇದೆ. ಲೇಖಕರ ನಾಲ್ಕು ಪುಸ್ತಕಗಳಲ್ಲಿ ಯಾಕೆ ಸೇರಲಿಲ್ಲವೋ ಗೊತ್ತಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಅತ್ತಿಗೆ ಅದನ್ನು ಓದಿದ್ದಾರೆ, ನಾನು ಓದಿಲ್ಲ.

ಆ ಮಾತನ್ನು ನಾನು ನುಂಗಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ನುಂಗಿಕೊಂಡೇ ಇದ್ದೆ. ಅತ್ತಿಗೆಯ ಕತೆ ಬಿದ್ದುಹೋಗಲಿ ಅನ್ನುವ ಆಸೆ ಎರಡೂ ದಿನ ಇತ್ತು. ಆದರೆ ಹಾಜರಿ ಇರುವವರನ್ನು ಗೈರು ಅಂತ ಬರೆಯುವುದು ನನ್ನ ಕೈಯಲ್ಲಿ ಆಗಲಿಲ್ಲ. ಡಿಸೆಂಬರ್ 16ರ ಸಂಜೆ ಸಂಪಾದಕರಿಗೆ ಫೋನ್ ಮಾಡಿ, ಚೀಲದ ವಿಷಯ ಹೇಳಿ, ನನ್ನ ಆಕ್ಷೇಪಣೆ ವಾಪಸ್ ತಗೊಂಡೆ.

"ಹಾಗಾದರೆ ನಿಮ್ಮ ಕತೆ..." ಅಂದರು.

"ಗೊತ್ತು ಸರ್."

ಅತ್ತಿಗೆಗೆ ಹೇಳಿದಾಗ ಅವರು ಬಟ್ಟೆ ಕತ್ತರಿಸುವುದು ನಿಲ್ಲಿಸಿ, "ಇನ್ನೂ ಕೋಪ ಐತಾ?" ಅಂತ ಕೇಳಿದರು. ಐತೆ ಅಂದೆ. "ಇರ್ಲಿ ಬುಡು, ನಂಗೂ ಒಸಿ ಐತೆ" ಅಂದರು. ಆಮೇಲೆ ಊಟಕ್ಕೆ ಕರೆದರು.

ಸಂಪುಟ ಅಚ್ಚಿಗೆ ಹೋಗುತ್ತಿದೆ. ನನ್ನ ಚೆಕ್‌ರೋಲಿನಲ್ಲಿ ಮೂವತ್ತೆರಡು ಅಂತ ಪೆನ್ಸಿಲಿನಲ್ಲಿ ಒಂದು ಕಾಲಂ ಹಾಕಿದ್ದೇನೆ. ಅದರಲ್ಲಿ ಇರುವುದು ಅಜ್ಜಿಯ ಹೆಸರಿನೆದುರು ಬೇರೆಯವರ ನೆನಪಿನಿಂದ ಬರೆದುಕೊಂಡ ಒಂದೇ ಗೆರೆ.

ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಹಳೆಯ ವಿಶೇಷಾಂಕಗಳಿದ್ದರೆ ದಯವಿಟ್ಟು ಒಮ್ಮೆ ತಿರುವಿ ನೋಡಿ. ಕತೆಯ ಮೊದಲ ಪುಟದಲ್ಲಿ ದೋಣಿಯ ಚಿತ್ರ, ದೋಣಿಯಲ್ಲಿ ಒಬ್ಬ ಮುದುಕಿ, ನೀರಿನ ಮೇಲೆ ಅವಳ ಒಂದೇ ನೆರಳು. ಅತ್ತಿಗೆ ಓದಿದ್ದು ಹತ್ತು ಹನ್ನೆರಡು ವರ್ಷದ ಹಿಂದೆ, ಪತ್ರಿಕೆ ಅದಕ್ಕಿಂತ ಹಳೆಯದೂ ಇರಬಹುದು. ಕತೆ ಪೂರ್ತಿ ಇಲ್ಲದಿದ್ದರೂ ಪರವಾಗಿಲ್ಲ, ಕೊನೆಯ ಹಾಳೆಗಳಿದ್ದರೆ ಸಾಕು. ಪತ್ರಿಕೆಯ ಹೆಸರು ನೆನಪಿದ್ದರೆ ಅಷ್ಟೇ ಬರೆದು ತಿಳಿಸಿದರೂ ಆಯಿತು. ಈ ಬರಹ ನಿಮಗೆ ಎಲ್ಲಿ ಓದಲು ಸಿಕ್ಕಿತೋ ಆ ವಿಳಾಸಕ್ಕೇ ಕಳಿಸಿ. ಲಕೋಟೆಯ ಮೇಲೆ ರೈಟರಿಗೆ ಅಂತ ಸ್ಪಷ್ಟವಾಗಿ ಬರೆಯಿರಿ, ಅತ್ತಿಗೆಗೆ ಅಂತ ಬೇಡ. ಅಜ್ಜಿ ಕೊನೆಗೆ ಏನಾದಳು ಅನ್ನುವುದನ್ನು ಅವರಿಗಿಂತ ಒಂದು ದಿನವಾದರೂ ಮೊದಲು ನಾನು ಓದಬೇಕು.