ಊರೇ ಸೀತನಿ ತಿಂದ ವರ್ಷ

ನಮ್ಮ ಊರನ್ನು ಯಾರೂ ಲೂಟಿ ಮಾಡಲಿಲ್ಲ. ಆ ಕೆಲಸವನ್ನು ನಾವೇ ಕೂತು, ಶೇಂಗಾ ಚಟ್ನಿ ಹಚ್ಚಿಕೊಂಡು, ಹೊಟ್ಟೆ ತುಂಬ ಮಾಡಿ ಮುಗಿಸಿದೆವು.

ಅದು ನಲವತ್ತೇಳರ ಕೊನೆ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಮ್ಮ ಕಡೆ ಇನ್ನೂ ನವಾಬರ ಉರ್ದು ಸರ್ಕಾರ. ನಾನು ಇಜೇರಿ ಕಡೆಯ ಒಂದು ಹಳ್ಳಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಐದು ತಿಂಗಳ ಬಸುರಿ. ಹಿಂಗಾರಿ ಮಳೆ ಕೈಕೊಟ್ಟು, ಹಳ್ಳದ ದಂಡೆಯ ಹೊಲಗಳಲ್ಲಿ ಮಾತ್ರ ಜೋಳ ತೆನೆ ಕಟ್ಟಿತ್ತು. ಅದರ ಮೇಲೆ ದಿನಕ್ಕೊಂದು ಸುದ್ದಿ. ಬಂದೂಕು ಹಿಡಿದವರು ಆಳಂದದ ಕಡೆ ಬಣವೆಗೆ ಬೆಂಕಿ ಇಟ್ಟರಂತೆ, ಅಫಜಲಪುರದ ಕಡೆ ರಾಶಿಯನ್ನೇ ಹೊತ್ತೊಯ್ದರಂತೆ, ನಾಳೆ ಜೇವರ್ಗಿಗೆ ಬರುತ್ತಾರಂತೆ. ಹೇಳಿದವರಲ್ಲಿ ಕಣ್ಣಾರೆ ಕಂಡವನು ಒಬ್ಬನೂ ಇಲ್ಲ. ಉರ್ದುವಿನಲ್ಲಿ ಹೊರಟ ಸುದ್ದಿ ಕನ್ನಡಕ್ಕೆ ಬರುವಷ್ಟರಲ್ಲಿ ಇಪ್ಪತ್ತು ಜನ ಇನ್ನೂರಾಗಿರುತ್ತಿದ್ದರು.

ಊರ ಗೌಡರು ಕಟ್ಟೆಯ ಮೇಲೆ ಕೂತು ತೀರ್ಮಾನ ಕೊಟ್ಟರು. “ಅವರು ಬಂದು ಒಯ್ಯೂದಕ್ಕಿಂತ ನಾವ ತಿಂದ್ರ ಪಾಡಲ್ಲೇನು? ಹಸಿ ಇದ್ದಾಗನ ಸುಟ್ಟು ತಿನ್ರಿ.” ಅವರ ಮಾತನ್ನು ಊರು ಒಂದೇ ಸಲಕ್ಕೆ ಕೇಳಿದ್ದು ಅಂದೇ ಮೊದಲು.

ಎಳೆಗಾಳಿನ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ ಉದುರಿಸಿ ತಿನ್ನುವ ಸೀತನಿ ನಮ್ಮಲ್ಲಿ ವರ್ಷಕ್ಕೆ ಒಂದೆರಡು ದಿನದ ಚೈನಿ. ಆ ಸಲ ಹದಿನೈದು ದಿನ ನಡೆಯಿತು. ಹಿಂದೂಗಳು, ಮುಸಲ್ಮಾನರು ಎಲ್ಲರೂ ಹೊಲದಲ್ಲೇ, ಎಲ್ಲರ ಬಾಯಿಯೂ ಕರ್ರಗೆ. ನಾಳೆ ಪ್ರಳಯ ಎಂದು ಖಾತ್ರಿಯಾದವರಿಗೆ ಹೊಟ್ಟೆನೋವಿನ ಹೆದರಿಕೆ ಎಲ್ಲಿಂದ ಬರಬೇಕು?

ಒಂದು ಕಾಳನ್ನೂ ಮುಟ್ಟದವಳು ನನ್ನ ಅತ್ತೆ. “ಮುಂದಿನ ವರ್ಷ ಏನ್ ಬಿತ್ತತೀರಿ ಗೌಡ್ರ, ನಿಮ್ಮ ಮೀಸಿನಾ?” ಎಂದು ಕಟ್ಟೆಯ ಮುಂದೆಯೇ ಕೇಳಿದಳು. ಎಳೆಗಾಳು ಮೊಳೆಯುವುದಿಲ್ಲ, ಬೀಜವಾಗಬೇಕಾದರೆ ತೆನೆ ದಂಟಿನ ಮೇಲೇ ಬಲಿಯಬೇಕು. ಅವಳು ನಲವತ್ತು ದಪ್ಪ ತೆನೆ ಆರಿಸಿ, ಹಳೆಯ ಸೀರೆಯ ಚಿಂದಿ ಸುತ್ತಿ ಉಳಿಸಿದಳು. ಗಿಳಿ ಓಡಿಸಲು ನನ್ನನ್ನು ಜಾಲಿ ಮರದ ನೆರಳಿಗೆ ಕೂರಿಸಿದಳು. “ನನ್ನ ಸೊಸಿ ಕಾಯಾಕತ್ತಾಳ” ಎಂದು ಊರಿಗೆಲ್ಲ ಹೇಳಿಕೊಂಡಳು.

ಸೊಸೆ ಚೆನ್ನಾಗಿಯೇ ಕಾದಳು. ಹದಿನೈದು ದಿನ ತಿಂದರೂ ನನ್ನ ಬಯಕೆ ತೀರಿರಲಿಲ್ಲ. ಮೊದಲ ದಿನ ಎರಡೇ ತೆನೆ ಎಂದುಕೊಂಡೆ. ಆಮೇಲೆ ಲೆಕ್ಕ ಇಡಲಿಲ್ಲ. ಐದನೆಯ ಮಧ್ಯಾಹ್ನ ಅತ್ತೆ ಬುತ್ತಿ ತಂದಾಗ ನಾನು ಕೆಂಡದ ಮುಂದೆ ಕೂತಿದ್ದೆ, ಸುತ್ತಲೂ ಸೀರೆಯ ಚಿಂದಿ.

“ಅತ್ತಿ, ತಡ್ಕೊಳ್ಳಾಕ ಆಗ್ಲಿಲ್ಲ” ಎಂದೆ.

ಅವಳು ದಂಟುಗಳನ್ನೆಲ್ಲ ನೋಡಿ ಬಂದಳು. ಒಂಬತ್ತು ತೆನೆ ಉಳಿದಿದ್ದವು. ಬಡಿಯುತ್ತಾಳೆ ಎಂದುಕೊಂಡು ಹೊಟ್ಟೆ ಮುಚ್ಚಿಕೊಂಡೆ. ಅವಳು ಪಕ್ಕದಲ್ಲಿ ಕುಕ್ಕರಿಸಿ, ಕೆಂಡದಲ್ಲಿದ್ದ ತೆನೆಯನ್ನು ತೆಗೆದು ಉಜ್ಜಿ, ಕಾಳನ್ನು ನನ್ನ ಉಡಿಗೆ ಹಾಕಿದಳು. “ಬಸುರಿ ಬಾಯಿಗೆ ಇಲ್ಲ ಅನ್ನಾಕ ಬರ್ತದೇನ ಬೇ? ಕೇಳಿದ್ರ ನಾನ ಸುಟ್ಟು ಕೊಡ್ತಿದ್ದೆ.”

ಸಂಜೆ ಕಟ್ಟೆಯ ಹತ್ತಿರ ಗೌಡರು ಬೀಜದ ಸುದ್ದಿ ಕೇಳಿದರು. ಅತ್ತೆ ತಲೆ ತಗ್ಗಿಸಿ “ಗಿಳಿ ತಿಂದ್ವು” ಎಂದಳು. “ನಮಗ ಬುದ್ಧಿ ಹೇಳಾಕಿ, ನಲವತ್ತು ತೆನಿ ಕಾಯಾಕ ಆಗ್ಲಿಲ್ಲ” ಎಂದು ಗೌಡರು ನಕ್ಕರು. ಊರೂ ನಕ್ಕಿತು. ಮಾತಿಗೆ ಮಾತು ಬಿಡದವಳು ಅಂದು ಸೆರಗು ಸರಿಮಾಡಿಕೊಂಡು ಮನೆಯ ಕಡೆ ನಡೆದಳು. ಕೊಡ ಹೊತ್ತು ಅವಳ ಪಕ್ಕದಲ್ಲೇ ನಿಂತಿದ್ದ ನಾನು ಗಿಳಿಯ ಮಾತನ್ನು ಅಲ್ಲಗಳೆಯದೆ ಅವಳ ಹಿಂದೆ ಹೊರಟೆ.

ಬಂದೂಕಿನವರು ನಮ್ಮೂರಿಗೆ ಬರಲೇ ಇಲ್ಲ. ಬೇಸಿಗೆಯ ಹೊತ್ತಿಗೆ ಅರ್ಧ ಊರು ಬೀಗ ಹಾಕಿ ಹೊಟ್ಟೆಪಾಡಿಗೆ ಸೊಲ್ಲಾಪುರದ ದಾರಿ ಹಿಡಿಯಿತು. ಬಿತ್ತನೆಯ ಹೊತ್ತಿಗೆ ಸರ್ಕಾರವೇ ಬದಲಾಗಿತ್ತು, ಆದರೆ ಯಾವ ಸರ್ಕಾರದ ಹತ್ತಿರವೂ ನಮಗೆ ಕೊಡಲು ಬೀಜವಿರಲಿಲ್ಲ. ಒಂಬತ್ತು ತೆನೆಯ ಕಾಳನ್ನು ಅತ್ತೆ ಹೊಲದ ಮೂಲೆಯೊಂದರಲ್ಲಿ ಬಿತ್ತಿದಳು. ಉಳಿದದ್ದೆಲ್ಲ ಬೀಳು.

ಅವಳು ಸತ್ತದ್ದು ಎಷ್ಟೋ ವರ್ಷದ ಮೇಲೆ. ಹೆಣದ ಮುಂದೆ ಕೂತಿದ್ದ ಹೆಂಗಸೊಬ್ಬಳು “ಪಾಪ, ಎಲ್ಲಾರಿಗೂ ಬುದ್ಧಿ ಹೇಳ್ತಿದ್ಳು, ಗಿಳಿಗೋಳು ಮಾತ್ರ ಕೇಳ್ಲಿಲ್ಲ” ಎಂದಳು. ಅಳುತ್ತಿದ್ದವರೂ ನಕ್ಕುಬಿಟ್ಟರು. ನಾನೂ ಅವರ ಜೊತೆ ನಕ್ಕೆ.