ಐಸ್ ಮೊಟ್ಟೆ ಇಟ್ಟ ಕಲೆಕ್ಟರ್

ಮೊನ್ನೆ ಕೋಚಿಂಗ್ ಕ್ಲಾಸ್ ಮುಗಿಸ್ಕೊಂಡು ಚೆನ್ನೈನ ಗಿಂಡಿ ಸ್ಟೇಷನ್ನಲ್ಲಿ ತಾಂಬರಂ ಟ್ರೈನ್ ಹತ್ತಿದೆ. ಲೇಡೀಸ್ ಡಬ್ಬದಲ್ಲಿ ಒಬ್ಬ ಹೆಂಗಸು ಕಾಲ ಹತ್ರ ಬುಟ್ಟಿ ಇಟ್ಕೊಂಡು ಕೂತಿದ್ರು. ಬುಟ್ಟಿ ತುಂಬ ಕರುವಾಡು, ಅಂದ್ರೆ ಒಣಮೀನು. ವಾಸನೆ ಹೆಂಗಿತ್ತು ಅಂದ್ರೆ ಮೇಲಿನ ಫ್ಯಾನು ಕೂಡ ಮುಖ ಆ ಕಡೆ ತಿರುಗಿಸ್ಕೊಂಡಿತ್ತು. ಎಲ್ಲರೂ ಮೂಗಿಗೆ ದುಪಟ್ಟಾ ಸುತ್ಕೊಂಡು ಇಡೀ ಡಬ್ಬ ಆಪರೇಷನ್ ಥಿಯೇಟರ್ ಥರ ಕಾಣ್ತಿತ್ತು. ನಾನೊಬ್ಳು ಮಾತ್ರ ಮಲ್ಲಿಗೆ ಮೂಸೋ ಹಾಗೆ ಉಸಿರು ಎಳ್ಕೊಂಡು ನಿಂತಿದ್ದೆ. ಪಕ್ಕದ ಹುಡುಗಿ ನನ್ನ ನೋಡಿ ಒಂದು ಹೆಜ್ಜೆ ಸರಿದ್ಲು.

ಏನ್ ಮಾಡೋದು... ಅದು ನಂಗೆ ಹಿತ್ತಲ ಅಜ್ಜಿ ವಾಸನೆ.

ನಾವು ಮಂಡ್ಯದಿಂದ ತಾಂಬರಂಗೆ ಬಂದಾಗ ನಂಗೆ ಹನ್ನೊಂದು ವರ್ಷ. ಅಪ್ಪಂಗೆ ಇನ್ಶೂರೆನ್ಸ್ ಆಫೀಸಲ್ಲಿ ಟ್ರಾನ್ಸ್‌ಫರ್ ಆಗಿತ್ತು. ಬಾಡಿಗೆ ಮನೆ ಹಿಂದೆ ಎದೆಮಟ್ಟದ ಗೋಡೆ. ಗೋಡೆ ಆಚೆ ಅಜ್ಜಿ ಹಿತ್ತಲು. ಒಂದು ನುಗ್ಗೆ ಮರ, ಒಂದು ಒಗೆಯೋ ಕಲ್ಲು, ಐದು ಕೋಳಿ. ಅಜ್ಜಿ ಹೊಸೂರು ಕಡೆಯೋರು. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮ್ಯಾನ್ ಆಗಿದ್ರಂತೆ, ನಾನು ನೋಡೋ ಹೊತ್ತಿಗೆ ಫೋಟೋ ಆಗಿದ್ರು. ನಲವತ್ತು ವರ್ಷ ಇಲ್ಲೇ ಇದ್ದು ಇದ್ದು, ಅಜ್ಜಿ ಮಾತು ಕನ್ನಡದಲ್ಲಿ ಟ್ರೈನ್ ಹತ್ತಿ ತಮಿಳಲ್ಲಿ ಇಳೀತಿತ್ತು. ಮಧ್ಯದಲ್ಲಿ ಎಲ್ಲಿ ಬದಲಾಯ್ತು ಅಂತ ಅವರಿಗೇ ಗೊತ್ತಾಗ್ತಿರಲಿಲ್ಲ.

ನಂಗೆ ಅಷ್ಟು ಸಾಕಾಗಿತ್ತು. ಯಾಕಂದ್ರೆ ಸ್ಕೂಲಲ್ಲಿ ಮೊದಲ ಮೂರು ತಿಂಗಳು ನಾನಾಡಿದ್ದು ಒಂದೇ ಮಾತು, 'ತೆರಿಯಾದು', ಗೊತ್ತಿಲ್ಲ. ಮಂಡ್ಯದಲ್ಲಿ ಇಡೀ ಬೀದಿಗೆ ಕಾಮೆಂಟರಿ ಕೊಡ್ತಿದ್ದೋಳು ನಾನು. ಬಾಯಿ ಮುಚ್ಕೊಂಡು ಕೂತು ಕೂತು ದವಡೆಗೆ ತುಕ್ಕು ಹಿಡಿಯೋದರಲ್ಲಿತ್ತು. ಸಾಯಂಕಾಲ ಬ್ಯಾಗ್ ಎಸೆದು ಗೋಡೆ ಹಾರಿದ್ರೆ, ಬೆಳಗ್ಗೆಯಿಂದ ಕೂಡಿಟ್ಟ ಮಾತೆಲ್ಲ ಅಜ್ಜಿ ತಲೆ ಮೇಲೆ. ಅವರು ತೌಡು ಕಲಸ್ತಾ ಹೂಂ ಅಂತಿದ್ರು. ಕೋಳಿಗಳೂ ಅದನ್ನೇ ಅಂತಿದ್ವು.

ದೀಪಾವಳಿಗೆ ಮುಂಚೆ ಒಂದು ಶುಕ್ರವಾರ ಸ್ಕೂಲಿಗೆ ರಜ. ಅಜ್ಜಿ ನನ್ನನ್ನ ಪಲ್ಲಾವರಂ ಸಂತೆಗೆ ಕರ್ಕೊಂಡು ಹೋದ್ರು, ಇನ್ನೊಂದು ಕೋಳಿ ತರೋಕೆ. ಅಜ್ಜಿ ಕೋಳಿ ನೋಡೋ ರೀತಿ ಡಾಕ್ಟರ್ ಥರ. ಮೊದಲು ಜುಟ್ಟು ಕೆಂಪಗಿದೆಯಾ ಅಂತ ನೋಡೋರು. ಆಮೇಲೆ ಕೋಳಿನ ಕಂಕುಳಲ್ಲಿ ಇಟ್ಕೊಂಡು ಹಿಂಭಾಗದ ಎರಡು ಮೂಳೆ ಮಧ್ಯೆ ಬೆರಳು ಇಡೋರು. ಎರಡು ಬೆರಳು ಹಿಡಿಸಿದ್ರೆ ಮೊಟ್ಟೆ ಇಡೋ ಕೋಳಿ, ಒಂದೇ ಹಿಡಿಸಿದ್ರೆ ಇನ್ನೂ ಇಲ್ಲ. ಮಾರೋನು ಅವನ ಅಮ್ಮನ ಮೇಲೆ ಆಣೆ ಇಟ್ರೂ ಅಜ್ಜಿ ಬೆರಳನ್ನೇ ನಂಬೋರು.

ನಾನು ಬೆರಳು ಗಿರಳು ನೋಡಲಿಲ್ಲ. ಮೂಲೆ ಪಂಜರದಲ್ಲಿ ಬೂದಿ ಬಣ್ಣದ್ದು ಒಂದಿತ್ತು. ಮೈತುಂಬ ಬಿಳಿ ಚುಕ್ಕಿ, ಕತ್ತು ನೆಟ್ಟಗೆ, ಮಿಕ್ಕ ಕೋಳಿಗಳನ್ನೆಲ್ಲ ಇನ್‌ಸ್ಪೆಕ್ಷನ್ ಮಾಡೋ ಹಾಗೆ ನೋಡ್ತಿತ್ತು. ಅದೇ ಬೇಕು ಅಂತ ಕೂತ್ಬಿಟ್ಟೆ. ಅಜ್ಜಿ ಬೆರಳಿಟ್ಟು ನೋಡಿ, ಒಂದು ಬೆರಳೂ ಸರಿಯಾಗಿ ಹಿಡಿಸಲ್ಲ ಅಂದ್ರು. ಕೋಳಿ ವಿಷಯದಲ್ಲಿ ನನ್ನ ಕಣ್ಣು ಸುಳ್ಳು ಹೇಳಲ್ಲ ಅಂದೆ ನಾನು. ಅಜ್ಜಿಯ ಐದು ಬಿಟ್ರೆ ಅಲ್ಲಿ ತನಕ ನಾನು ನೋಡಿದ್ದ ಕೋಳಿ ಹೆಚ್ಚೂಕಮ್ಮಿ ಬಿರಿಯಾನಿಯಲ್ಲೇ. ಅಜ್ಜಿ ಅದ್ಯಾಕೋ ನಕ್ಕು ಅದನ್ನೇ ತಗೊಂಡ್ರು. ಆಟೋದಲ್ಲಿ ಬರೋ ಹೊತ್ತಿಗೆ ಅದಕ್ಕೆ ಹೆಸರಿಟ್ಟಾಗಿತ್ತು, ಕಲೆಕ್ಟರ್.

ಆಮೇಲೆ ಮಳೆ ಶುರುವಾಯ್ತು, ನಾನು ಗೋಡೆ ಹಾರೋದೂ ನಿಂತುಹೋಯ್ತು. ಮಳೆ ನಿಂತಾಗ ಮಾರ್ಗಳಿ, ನಮ್ಮ ಧನುರ್ಮಾಸ. ಚೆನ್ನೈ ಚಳಿ ಏನು ಮಹಾ, ಫ್ಯಾನ್ ಐದರಿಂದ ಮೂರಕ್ಕೆ ಇಳಿಸ್ತೀವಿ ಅಷ್ಟೆ. ಆದ್ರೆ ಕೋಳಿಗಳಿಗೆ ಅದೂ ಸಾಕಿತ್ತು. ಪುಕ್ಕ ಉದುರಿಸ್ಕೊಂಡು, ಪಾತ್ರೆ ಉಜ್ಜಿ ಉಜ್ಜಿ ಸವೆದ ಬ್ರಷ್ ಥರ ಓಡಾಡ್ತಿದ್ವು. ದಿನಾ ನಾಲ್ಕು ಬರ್ತಿದ್ದ ಮೊಟ್ಟೆ ವಾರಕ್ಕೆ ಎರಡಾಯ್ತು. ಹೊತ್ತು ಚಿಕ್ಕದಾದ್ರೆ ಕೋಳಿ ಹೊಟ್ಟೆಗೆ ರಜ, ಇರೋ ಶಕ್ತಿಯೆಲ್ಲ ಹೊಸ ಪುಕ್ಕಕ್ಕೆ ಹೋಗತ್ತೆ ಅಂತ ಅಜ್ಜಿ ಹೇಳಿಕೊಟ್ರು. ಅದಕ್ಕೇ ಕರುವಾಡು ಕುಟ್ಟಿ ತೌಡಿಗೆ ಬೆರೆಸಿ ಹಾಕ್ತಿದ್ರು. ಕೋಳಿಗಳಿಗಿಂತ ಮೊದಲು ಬೀದಿ ಬೆಕ್ಕುಗಳೆಲ್ಲ ಊಟಕ್ಕೆ ಹಾಜರು.

ಕಲೆಕ್ಟರ್ ಕಥೆನೇ ಬೇರೆ. ಅವಳು ಬಂದಾಗಿಂದ ಒಂದು ಮೊಟ್ಟೆನೂ ಇಟ್ಟಿರಲಿಲ್ಲ.

"ಮಿಕ್ಕೋರು ದುಡಿದು ಲೀವ್ ತಗೊಂಡಿರೋರು," ಅಂದ್ರು ಅಜ್ಜಿ. "ಇವಳು ಇನ್ನೂ ಕೆಲಸಕ್ಕೇ ಸೇರಿಲ್ಲ. ಪೊಂಗಲ್‌ಗೆ ಅಳಿಯ ಬರ್ತಾನೆ. ಅಷ್ಟರಲ್ಲಿ ಇಟ್ರೆ ಮೊಟ್ಟೆ, ಇಡದಿದ್ರೆ ಕೊಳಂಬು."

ಅಜ್ಜಿ ಇದನ್ನ ಕೋಪದಲ್ಲಿ ಹೇಳಲಿಲ್ಲ. ನಾಳೆ ಹಾಲಿನೋನು ಬರ್ತಾನೆ ಅನ್ನೋ ಹಾಗೆ ಹೇಳಿದ್ರು. ಪೆರುಂಗುಡಿಯಿಂದ ಮಗಳು ಅಳಿಯ ವರ್ಷಕ್ಕೊಂದು ಸಲ ಊಟಕ್ಕೆ ಬರೋದು, ಹಿತ್ತಲ ಕೋಳಿ ಸಾರು ಇಲ್ಲದೆ ಎಲೆ ಹಾಕೋ ಹಾಗೇ ಇಲ್ಲ. ನಾನು ಆರಿಸಿದ ಕೋಳಿ ನನ್ನಿಂದಲೇ ಸಾಯತ್ತೆ ಅಂತ ನಂಗೆ ಆವತ್ತು ಅನ್ನ ಸೇರಲಿಲ್ಲ. ಅಂದ್ರೆ ಎರಡನೇ ಸಲ ಬಡಿಸ್ಕೊಳ್ಳಲಿಲ್ಲ.

ಮಾರನೇ ದಿನ ನನ್ನ ಮಹಾ ಯೋಜನೆ ಶುರು. ನಮ್ಮ ಫ್ರಿಜ್‌ನಲ್ಲಿ ಅಮ್ಮ ತರ್ತಿದ್ದ ಕಂದು ಮೊಟ್ಟೆ ಇರ್ತಿತ್ತು. ಒಂದನ್ನ ತೆಗೆದು, ಬಿಸಿಯಾಗ್ಲಿ ಅಂತ ಕಂಕುಳಲ್ಲಿ ಇಟ್ಕೊಂಡು, ಹತ್ತು ನಿಮಿಷ ಆ ಕೈ ಅಲ್ಲಾಡಿಸದೆ ಹೋಮ್‌ವರ್ಕ್ ಬರೆದೆ. ಆಮೇಲೆ ಗೋಡೆ ಹಾರಿ ಕಲೆಕ್ಟರ್ ಮಂಕರಿ ಒಳಗೆ ಹುಲ್ಲಿನ ಮೇಲೆ ಇಟ್ಟು, ಏನೂ ಗೊತ್ತಿಲ್ಲದೋಳ ಹಾಗೆ ನುಗ್ಗೆ ಮರ ನೋಡ್ತಾ ನಿಂತೆ. ಅಜ್ಜಿ ಬಂದು ಮೊಟ್ಟೆ ತೆಗೆದು ಕೈಯಲ್ಲಿ ತೂಗಿದ್ರು. ಕಲೆಕ್ಟರ್ ಮುಖ ನೋಡಿದ್ರು. ಪರವಾಯಿಲ್ಲ, ಡ್ಯೂಟಿಗೆ ಸೇರಿದ್ಲು ಅಂದ್ರು ಅಷ್ಟೆ.

ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ದಿನ ಬಿಟ್ಟು ದಿನ ಒಂದೊಂದು ಮೊಟ್ಟೆ. ಇಸ್ತ್ರಿ ಅಂಗಡಿಯೋನಿಗೆ, ಹಾಲಿನೋನಿಗೆ, ನನ್ನ ಕ್ಲಾಸಿಗೆ, ಎಲ್ಲರಿಗೂ ಹೇಳಿದೆ, ಊರಿನ ಕೋಳಿಗಳೆಲ್ಲ ರಜದಲ್ಲಿದ್ರೂ ನಾನು ಆರಿಸಿದ ಕೋಳಿ ಮಾರ್ಗಳಿಯಲ್ಲಿ ಮೊಟ್ಟೆ ಇಡ್ತಿದೆ ಅಂತ. ಇದನ್ನೆಲ್ಲ ಹೇಳೋಕೆ ನಂಗೆ ತಮಿಳು ಬೇಕಾಯ್ತು, ಕಲಿತೆ. ಎದುರು ಮನೆ ಮಾಮಿ ಮೊಟ್ಟೆ ತಿನ್ನಲ್ಲ, ಅವರೂ ಬಂದು ಕಲೆಕ್ಟರ್‌ನ ದರ್ಶನ ಮಾಡ್ಕೊಂಡು ಹೋದ್ರು.

ಈ ಮಧ್ಯೆ ಎರಡು ವಿಚಿತ್ರ ನಡೀತಿತ್ತು. ಇಷ್ಟು ಮೊಟ್ಟೆ ಕದ್ರೂ ಫ್ರಿಜ್ ಖಾಲಿ ಆಗ್ತಿರಲಿಲ್ಲ. ಇನ್ನೊಂದು, ನನ್ನ ಬಿಳಿ ಯೂನಿಫಾರ್ಮ್ ಕಂಕುಳಲ್ಲಿ ಕಪ್ಪು ಕಲೆ ಬರ್ತಿತ್ತು. ನೆಟ್ಟಗೆ ಸ್ನಾನ ಮಾಡಲ್ಲ ಅಂತ ಅಮ್ಮ ಬೈದ್ರು. ನಾನೂ ಅದನ್ನೇ ನಂಬಿ ಒಂದು ವಾರ ಎರಡೆರಡು ಸಲ ಸೋಪು ಹಾಕಿದೆ.

ಒಂದು ದಿನ ಫ್ರಿಜ್ ಬಾಗಿಲು ತೆಗೆದು ಮೊಟ್ಟೆ ಎತ್ಕೊಂಡೆ. ದಪ್ಪ ತುದಿಯಲ್ಲಿ ಇದ್ದಿಲಿನ ಗೀಟು. ಒಂದಲ್ಲ, ಮೂರು. ಒಂದರ ಪಕ್ಕ ಒಂದು.

ಇದ್ದಿಲಿನ ಗೀಟು ಯಾರು ಹಾಕೋದು ಅಂತ ನಂಗೆ ಗೊತ್ತಿತ್ತು. ಕೋಳಿನ ಕಾವಿಗೆ ಕೂರಿಸೋವಾಗ ಅಜ್ಜಿ ಪ್ರತಿ ಮೊಟ್ಟೆಗೂ ಗುರುತು ಮಾಡ್ತಿದ್ರು, ಆಮೇಲೆ ಬೇರೆ ಕೋಳಿ ಬಂದು ಇಟ್ಟ ಹೊಸ ಮೊಟ್ಟೆ ಕಲೆತುಹೋಗದೆ ಇರ್ಲಿ ಅಂತ. ಮೊಟ್ಟೆ ಎಲ್ಲಿಂದ ಬಂತು ಅಂತ ಅಮ್ಮನ್ನ ಕೇಳಿದೆ. ಹಿತ್ತಲ ಅಜ್ಜಿ ದಿನ ಬಿಟ್ಟು ದಿನ ಗೋಡೆ ಮೇಲಿಂದ ಕೊಡ್ತಾರಲ್ಲೇ, ಮಗೂಗೆ ಹಾಫ್ ಬಾಯಿಲ್ ಮಾಡಿಕೊಡು ಅಂತ, ಅಂದ್ರು ಅಮ್ಮ.

ಅಂದ್ರೆ ಈ ಒಂದು ಮೊಟ್ಟೆ ಮೂರು ಸಲ ನಮ್ಮ ಫ್ರಿಜ್‌ನಿಂದ ಕಲೆಕ್ಟರ್ ಮಂಕರಿಗೆ ಹೋಗಿ ವಾಪಸ್ ಬಂದಿತ್ತು. ಬೀಚ್ ಸ್ಟೇಷನ್ನಿಗೂ ತಾಂಬರಂಗೂ ಓಡಾಡೋ ಟ್ರೈನ್ ಥರ. ಕರೆಂಟು ಬಿಟ್ಟಿ ಬರತ್ತಾ ಅಂತ ಅಮ್ಮ ಕೂಗೋ ತನಕ ನಾನು ಫ್ರಿಜ್ ಬಾಗಿಲು ತೆಗೆದುಕೊಂಡೇ ನಿಂತಿದ್ದೆ.

ಆವತ್ತು ಬರಿಗೈಯಲ್ಲಿ ಗೋಡೆ ಹಾರಿದೆ. ಪೊಂಗಲ್‌ಗೆ ನಾಲ್ಕೇ ದಿನ ಇತ್ತು. ಅಜ್ಜಿ ಕಲ್ಲಿನ ಮೇಲೆ ಕೂತು ಕರುವಾಡು ಕುಟ್ತಿದ್ರು. ತಲೆ ಎತ್ತಲಿಲ್ಲ.

"ಏನಮ್ಮ, ಕಲೆಕ್ಟರ್‌ಗೆ ಇವತ್ತು ರಜನಾ?"

ನಾನು ಅತ್ತೆ. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ, ಮೂಗಲ್ಲೂ ನೀರು ಬಂತು. ಯಾವಾಗ ಗೊತ್ತಾಯ್ತು ಅಜ್ಜಿ ನಿಮಗೆ ಅಂತ ಕೇಳಿದೆ.

"ಮೊದಲನೇ ದಿನಾನೇ. ಕೈಗೆ ತಗೊಂಡ್ರೆ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಐಸು. ಯಾವ ಕೋಳಿ ಐಸ್ ಇಡತ್ತೆ ಕಣ್ಣು?" ಮುದ್ದು ಬಂದ್ರೆ ಅಜ್ಜಿ ತಮಿಳಿನೋರ ಹಾಗೆ ನನ್ನ 'ಕಣ್ಣು' ಅಂತಿದ್ರು.

"ಮತ್ತೆ ಯಾಕೆ ಸುಮ್ನಿದ್ರಿ?"

ಅಜ್ಜಿ ಕುಟ್ಟೋದು ನಿಲ್ಲಿಸಿದ್ರು. "ಮಳೆಗಾಲ ಪೂರ್ತಿ ನೀನು ಈ ಕಡೆ ಬಂದೇ ಇರಲಿಲ್ಲ. ಮೊಟ್ಟೆ ನೆಪದಲ್ಲಿ ಬಂದು ನಾಲ್ಕು ಮಾತಾಡ್ತಿದ್ದೆ. ಬೇಡ ಅನ್ನೋಕೆ ನಂಗೇನು ಹುಚ್ಚಾ?"

ಕಲೆಕ್ಟರ್ ಗತಿ ಏನು ಅಂತ ಕೇಳೋಕೆ ಧೈರ್ಯ ಬರಲಿಲ್ಲ. ಅವರೇ ಹೇಳಿದ್ರು. ನೀನು ಊರಿಗೆಲ್ಲ ಡಂಗುರ ಹೊಡೆದಿದ್ದೀಯ, ಮಾರ್ಗಳಿಯಲ್ಲಿ ಮೊಟ್ಟೆ ಇಡೋ ಕೋಳಿನ ಕೊಯ್ದಳಂತೆ ಮುದುಕಿ ಅಂತ ಇಸ್ತ್ರಿಯೋನು ಕೂಡ ಮುಖಕ್ಕೆ ಉಗೀತಾನೆ, ನಾನೆಲ್ಲಿ ತಲೆ ಎತ್ಕೊಂಡು ಓಡಾಡ್ಲಿ ಅಂದ್ರು. ನನ್ನ ಜಂಬದಿಂದ ಒಂದು ಜೀವ ಉಳಿದಿದ್ದು ಅದೊಂದೇ ಸಲ.

ಅಳಿಯ ಆ ಪೊಂಗಲ್‌ಗೆ ಕರುವಾಡು ಕೊಳಂಬು ತಿಂದ್ರು. ಮುಖ ಕರುವಾಡಿನ ಥರಾನೇ ಒಣಗಿತ್ತು. ಮಗಳು ಮಾತ್ರ ಎರಡು ಸಲ ಅನ್ನ ಹಾಕಿಸ್ಕೊಂಡು, ಎಷ್ಟು ವರ್ಷ ಆಯ್ತಮ್ಮ ಇದನ್ನ ತಿಂದು ಅಂದ್ರು.

ಪೊಂಗಲ್ ಕಳೆದು ಹೊತ್ತು ಉದ್ದ ಆಗ್ತಾ ಬಂತು. ಒಂದು ಬೆಳಗ್ಗೆ ಅಜ್ಜಿ ಗೋಡೆ ಆಚೆಯಿಂದ ಕೂಗಿದ್ರು. ಹಲ್ಲುಜ್ಜೋ ಬ್ರಷ್ ಬಾಯಲ್ಲೇ ಇಟ್ಕೊಂಡು ಓಡಿದೆ. ನನ್ನ ಕೈ ಹಿಡಿದು ಅಂಗೈ ಮೇಲೆ ಇಟ್ರು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಒಂದು ಕಡೆ ರಕ್ತದ ಗೆರೆ, ಸುತ್ತ ಎಲ್ಲಾ ಕಡೆನೂ ಒಂದೇ ಸಮ ಬಿಸಿ. ಕಲೆಕ್ಟರ್ ನಮ್ಮಿಬ್ಬರನ್ನೂ ಸಸ್ಪೆಂಡ್ ಮಾಡೋ ಹಾಗೆ ನೋಡ್ತಿದ್ಲು.

ಎರಡು ವರ್ಷ ಆದ್ಮೇಲೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ರು. ಮಗಳು ಪೆರುಂಗುಡಿ ಫ್ಲ್ಯಾಟ್‌ಗೆ ಕರ್ಕೊಂಡು ಹೋದ್ರು. ಏಳನೇ ಮಹಡಿ, ಅಲ್ಲಿ ಪಾರಿವಾಳಕ್ಕೂ ಪರ್ಮಿಷನ್ ಇಲ್ಲ. ಕೋಳಿಗಳನ್ನ ಅವರಿವರಿಗೆ ಕೊಟ್ಟು, ಕಲೆಕ್ಟರ್‌ನ ಮಂಕರಿ ಸಮೇತ ಗೋಡೆ ಮೇಲಿಂದ ನನ್ನ ಕೈಗೆ ದಾಟಿಸಿದ್ರು. ಆಮೇಲೆ ಭಾನುವಾರ ಭಾನುವಾರ ಫೋನು. ಮೊದಲನೇ ಪ್ರಶ್ನೆ ಯಾವಾಗ್ಲೂ, ಕಲೆಕ್ಟರ್ ಲೀವಾ ಡ್ಯೂಟಿನಾ. ನಂಗೆ ಅಷ್ಟೊತ್ತಿಗೆ ಊರು ತುಂಬ ಫ್ರೆಂಡ್ಸು. ಎರಡು ಮಾತಾಡಿ ಅಮ್ಮನ ಕೈಗೆ ಕೊಡ್ತಿದ್ದೆ. ಆ ಎರಡು ಮಾತೂ ಕನ್ನಡದಲ್ಲಿ ಹತ್ತಿ ತಮಿಳಲ್ಲಿ ಇಳೀತಿದ್ವು...

ಹೋದ ವರ್ಷ ಮಾರ್ಗಳಿಯಲ್ಲಿ ಅಜ್ಜಿಗೆ ಊಟ ಸೇರ್ತಿಲ್ಲ ಅಂತ ಮಗಳು ಹೇಳಿದ್ರು. ಆಮೇಲೆ ಅಜ್ಜಿನೇ ಫೋನ್ ತಗೊಂಡ್ರು. "ಕಲೆಕ್ಟರ್ ಮೊಟ್ಟೆ ಒಂದು ತಂದ್ಕೊಡು ಕಣ್ಣು. ನೀನೇ ತಗೊಂಡು ಬಾ."

ತರ್ತೀನಿ ಅಂದೆ. ಕಲೆಕ್ಟರ್ ಪುಕ್ಕ ಉದುರಿಸ್ಕೊಂಡು ಪೂರ್ತಿ ರಜದಲ್ಲಿದ್ಲು. ಫ್ರಿಜ್‌ನಿಂದ ಒಂದು ತಗೊಂಡು ಹೋಗೇ ಅಂದ್ರು ಅಮ್ಮ. ನಂಗೆ ಸಿಟ್ಟು ಬಂತು. ಅಜ್ಜಿಗೆ ಹೋಗಿ ಹೋಗಿ ಐಸ್ ಮೊಟ್ಟೆ ಕೊಡ್ಲಾ, ನಿಜವಾದ್ದೇ ಕೊಡ್ತೀನಿ ಅಂದೆ. ಜೀವಮಾನದಲ್ಲಿ ನಾನು ಪ್ರಾಮಾಣಿಕಳಾಗಿದ್ದು ಆ ಹದಿನೈದು ದಿನ. ದಿನಾ ಬೆಳಗ್ಗೆ ಮಂಕರಿ ಎತ್ತಿ ನೋಡ್ತಿದ್ದೆ. ನಾಳೆ ಇಡ್ತಾಳೆ, ನಾಳೆ ಹೋಗ್ತೀನಿ.

ಭೋಗಿ ಹಬ್ಬದ ಹಿಂದಿನ ದಿನ ಪೆರುಂಗುಡಿಯಿಂದ ಫೋನ್ ಬಂತು, ಅಜ್ಜಿ ಹೋಗ್ಬಿಟ್ರು ಅಂತ.

ಅವರು ಕೇಳಿದ್ದು ಮೊಟ್ಟೆ ಅಂತ ನಾನಂದ್ಕೊಂಡಿದ್ದೆ...

ಟ್ರೈನಿನ ಹೆಂಗಸು ತಾಂಬರಂನಲ್ಲಿ ನನ್ನ ಜೊತೆನೇ ಇಳಿದ್ರು. ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಿ ಸ್ವಲ್ಪ ಕರುವಾಡು ತಗೊಂಡೆ. ಮನೆಗೆ ಬಂದು ಕುಟ್ಟಿ, ತೌಡಿಗೆ ಬೆರೆಸಿ ಕಲೆಕ್ಟರ್‌ಗೆ ಹಾಕಿದೆ. ಈಗ ಅವಳಿಗೂ ವಯಸ್ಸಾಗಿದೆ, ಈ ಮಾರ್ಗಳಿ ಮುಗಿದ್ಮೇಲೂ ಇಡ್ತಾಳೋ ಇಲ್ವೋ. ಆಮೇಲೆ ಏನನ್ನಿಸ್ತೋ, ಫ್ರಿಜ್‌ನಿಂದ ಒಂದು ಮೊಟ್ಟೆ ತೆಗೆದೆ. ಕಂಕುಳಲ್ಲಿ ಬಿಸಿ ಮಾಡೋಕೆ ಹೋಗಲಿಲ್ಲ. ತಣ್ಣಗಿದ್ದಿದ್ದನ್ನ ತಣ್ಣಗೇ ಹುಲ್ಲಿನ ಮೇಲೆ ಇಟ್ಟೆ. ಕಲೆಕ್ಟರ್ ನನ್ನ ನೋಡಿದ್ಲು, ಅದನ್ನ ನೋಡಿದ್ಲು, ಹಳೇ ಫೈಲ್ ಮತ್ತೆ ಬಂತು ಅನ್ನೋ ಹಾಗೆ ಅದರ ಮೇಲೆ ಕೂತ್ಲು.

ಬೆಳಗ್ಗೆ ಹೋಗಿ ಮಂಕರಿ ಎತ್ತಿದೆ. ಮೊಟ್ಟೆ ಅಲ್ಲೇ ಇತ್ತು. ತಿರುಗಿಸಿ ನೋಡಿದೆ. ಒಂದು ಗೀಟೂ ಇರಲಿಲ್ಲ.