ಊನ

ನಾನು ಪದವಿ ಮುಗಿಸುವುದು ಆಗದ ಮಾತು ಎಂದವಳು ಬೇರೆ ಯಾರೂ ಅಲ್ಲ, ನನ್ನನ್ನು ಎತ್ತಿ ಆಡಿಸಿದ ಅಜ್ಜಿ. ಕೂಲರಿನಲ್ಲಿ ನೆನೆದ ಲಾವಂಚದ ವಾಸನೆ ಎಲ್ಲಿ ಮೂಗಿಗೆ ಬಿದ್ದರೂ ಇಂದಿಗೂ ನನಗೆ ಅವಳ ಅಂಗೈ ನೆನಪಾಗುತ್ತದೆ, ಹೇಳದೆ ಕೇಳದೆ ಹಣೆಯ ಮೇಲೆ ಬಂದು ಕೂರುತ್ತಿದ್ದ ಆ ಒರಟು ಅಂಗೈ. ಅಪ್ಪ ರೈಲ್ವೆಯಲ್ಲಿ ಫಿಟ್ಟರ್. ಗದಗಿನಿಂದ ವರ್ಗವಾಗಿ ನಾಗಪುರದ ಕ್ವಾರ್ಟರ್ಸಿಗೆ ಬಂದ ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವರೇ ಇರಲಿಲ್ಲ.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ಶಾಲೆಯ ಕೊನೆಯ ಪರೀಕ್ಷೆ ಬರೆದ ಖುಷಿಯಲ್ಲಿ ಸುಡುವ ಮಧ್ಯಾಹ್ನವೆಲ್ಲ ಆಡಿ ಬಂದವಳು ಹೊಸ್ತಿಲಲ್ಲೇ ಕುಸಿದೆನಂತೆ. ಮೈ ಕಾದ ಹಂಚು, ಒಂದು ಹನಿ ಬೆವರಿಲ್ಲ, ಬಾಯಲ್ಲಿ ಅರ್ಥವಿಲ್ಲದ ಬಡಬಡಿಕೆ. ಜ್ವರವೆಂದರೆ ಅಜ್ಜಿಗೆ ಗೊತ್ತಿದ್ದ ಮದ್ದು ಹೊದಿಸಿ ಬೆವರಿಳಿಸುವುದು. ಕೂಲರ್ ಆರಿಸಿದಳು, ಗದಗಿನಿಂದ ತಂದ ಕೌದಿಗಳನ್ನೆಲ್ಲ ನನ್ನ ಮೇಲೆ ಹೇರಿದಳು. ನಾವು ಕಾಕು ಎಂದು ಕರೆಯುತ್ತಿದ್ದ ಎದುರುಮನೆಯ ಮರಾಠಿ ಹೆಂಗಸು ಬಂದು ನೋಡಿದವರೇ ಕೌದಿ ಕಿತ್ತೆಸೆದರು. “ಆಜೀ, ಪೋರಿ ಹೈ, ಭಾಕರಿ ನಹೀ. ಕಿತನಾ ಸೇಕೋಗಿ?” ಹುಡುಗಿಯನ್ನು ರೊಟ್ಟಿಯ ಹಾಗೆ ಎಷ್ಟು ಬೇಯಿಸುತ್ತೀ ಎಂದು ಗದರಿಸಿ, ಅವ್ವನ ಕಡೆ ತಿರುಗಿ ಮರಾಠಿಯಲ್ಲಿ, “ಹಿಲಾ ಊನ್ ಲಾಗಲಂ” ಎಂದರು. ಅವರ ಊನ್ ಎಂದರೆ ಬಿಸಿಲು. ಹುಡುಗಿಗೆ ಬಿಸಿಲು ಬಡಿದಿದೆ ಎಂದಷ್ಟೇ ಅವರು ಹೇಳಿದ್ದು. ಅಜ್ಜಿಗೆ ಕೇಳಿಸಿದ್ದು ನಮ್ಮ ಕನ್ನಡದ ಊನ, ಕುಂದು. “ಯವ್ವಾ, ನನ್ನ ಕೂಸಿಗೆ ಊನ ಆತಂತ” ಎಂದು ಗೋಡೆಗೊರಗಿ ಅತ್ತಳು.

ಕಾಕು ಮಡಕೆಯ ನೀರನ್ನೆಲ್ಲ ನನ್ನ ಮೇಲೆ ಸುರಿದು, ಅಪ್ಪನೊಂದಿಗೆ ಆಟೋದಲ್ಲಿ ರಾಮದಾಸಪೇಠಿನ ಆಸ್ಪತ್ರೆಗೆ ಒಯ್ದರು. ಅಲ್ಲಿ ಒದ್ದೆ ಚಾದರ, ಕಂಕುಳಲ್ಲಿ ಐಸು, ತಲೆಯ ಮೇಲೆ ಫ್ಯಾನು, ಕೈಗೆ ಸಲೈನು. ಇದು ಗುಳಿಗೆಗೆ ಇಳಿಯುವ ಜ್ವರವಲ್ಲ, ಮೈಯನ್ನೇ ತಣಿಸಬೇಕು, ತಡವಾದರೆ ಮಿದುಳಿಗೆ ಪೆಟ್ಟು ಎಂದರು ಡಾಕ್ಟರು. ಅಪ್ಪ ಮನೆಗೆ ಬಂದು ಅದನ್ನೆಲ್ಲ ಹೇಳಿದಾಗ ಅಜ್ಜಿಯ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ.

ನಾನು ಎದ್ದು ಓಡಾಡಿದೆ. ಅವಳ ಊನ ಮಾತ್ರ ವಾಸಿಯಾಗಲಿಲ್ಲ. ಅಪ್ಪ ಆ ಪದದ ಅರ್ಥ ಬಿಡಿಸಿ ಹೇಳಿದರೆ, “ನನ್ನ ಸಮಾಧಾನಕ್ಕ ಹೇಳ್ತೀಯೋ ತಮ್ಮಾ, ಬರೋಬರ್ ಕೇಳ್ಸೇತಿ ನನಗ” ಎನ್ನುತ್ತಿದ್ದಳು. ಪುಸ್ತಕ ಹಿಡಿದರೆ ಸಾಕು, ಅಂಗೈ ಹಣೆಗೆ ಬರುತ್ತಿತ್ತು. “ಸಾಕ್ ಬಿಡವ್ವಾ, ತಲಿ ಕಾದೈತಿ.” ಮೆಟ್ರಿಕ್ ಪಾಸಾದಾಗಲೂ, “ಕಾಲೇಜು ಗೀಲೇಜು ಆಗದ ಮಾತು. ಇದ್ದಷ್ಟು ತಲಿ ಉಳೀಲಿ” ಎಂದಳು. ಮನೆಯಲ್ಲಿ ಅವಳ ಮಾತು ಮೀರುವವರಿರಲಿಲ್ಲ. ನಾನು ಅತ್ತೆ, ಊಟ ಬಿಟ್ಟೆ, ಕೊನೆಗೆ ಒಂದು ಉಪಾಯ ಹೂಡಿದೆ. ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಕೂಲರಿನ ಎದುರು ಓದಲು ಕೂತೆ. ಅಂಗೈ ಬಂತು, ತಡವರಿಸಿತು, ತಂಪು ಕಂಡು ಹೋಯಿತು. ಕಾಲೇಜಿಗೂ ಅವಳು ಮತ್ತೆ ಅಡ್ಡ ಬರಲಿಲ್ಲ. ನನ್ನ ಬಿ.ಎಸ್ಸಿ. ಪೂರ್ತಿ ಆ ಒದ್ದೆ ಟವೆಲ್ಲಿನ ಕೆಳಗೇ ನಡೆಯಿತು. ಟವೆಲ್ಲು ಒಣಗಿದರೆ ಅವಳೇ ಹಿಂದಿನಿಂದ ಬಂದು ನೀರು ಚಿಮುಕಿಸಿ ಹೋಗುತ್ತಿದ್ದಳು.

ಆ ಕ್ವಾರ್ಟರ್ಸ್ ಈಗಿಲ್ಲ, ಕಾಕು ಇಲ್ಲ, ಅಜ್ಜಿಯೂ ಇಲ್ಲ. ಅವಳ ಕೌದಿಯೊಂದು ನನ್ನ ಬಳಿ ಉಳಿದಿದೆ. ಪದವಿ ಪತ್ರ ತಂದ ದಿನ ಅದನ್ನು ಮೊದಲು ಅವಳ ಕೈಗೇ ಕೊಟ್ಟಿದ್ದೆ. ಓದು ಬಾರದವಳು, ಅಕ್ಷರಗಳ ಮೇಲೆ ಬೆರಳಾಡಿಸಿ ಅದನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ನನ್ನನ್ನು ಹತ್ತಿರ ಕರೆದು, ಟವೆಲ್ಲಿಲ್ಲದ ಹಣೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

“ತಣ್ಣಗ ಐತಿ” ಎಂದಳು. “ಬೇಕಂದ್ರ ಇನ್ನಷ್ಟು ಓದವ್ವಾ.”